ಒಂದೇ ಸಲ ಕೇಳುವವರು

೫ ಜನವರಿ ೧೯೫೪, ಮಂಗಳವಾರ

ಇವತ್ತೂ ತಡ. ರೊಟ್ಟಿ ತಟ್ಟಿ ಮುಗಿಸಿ, ಕೈ ತೊಳೆದು, ಮೆಣಸಿನ ಉಗ್ರಾಣದ ಮೆಟ್ಟಿಲು ಹತ್ತುವಷ್ಟರಲ್ಲಿ ಕ್ಲಾಸು ಶುರುವಾಗಿತ್ತು. ವಾರಕ್ಕೆ ಎರಡೇ ದಿನ, ಮಂಗಳವಾರ ಮತ್ತು ಶುಕ್ರವಾರ. ಮೂವರೇ ನಾವು — ಕಾಂಪೌಂಡರ್ ದೇವರಾಜು, ಕಾನ್ವೆಂಟಿನಲ್ಲಿ ಓದಿದ ಮುತ್ತಮ್ಮ, ಕೊನೆಗೆ ಬರುವ ನಾನು. ಕೆಳಗೆ ಆಳುಗಳು ಮೆಣಸು ತೂರುತ್ತಿದ್ದರು. ಧೂಳೆಲ್ಲ ಮೇಲಕ್ಕೆ. ನಮಸ್ಕಾರಕ್ಕೆ ‘ಬೋಂಜೂರ್’ ಅನ್ನಲು ಬಾಯಿ ತೆಗೆದೆ, ಸೀನು ಬಂತು. ಮೇಷ್ಟ್ರು ನಗಲಿಲ್ಲ. ಸೀನಿದವರಿಗೆ ಫ್ರೆಂಚಿನಲ್ಲಿ ಏನು ಹೇಳುತ್ತಾರೆ ಅಂತ ಅದನ್ನೂ ಒಂದು ಪಾಠ ಮಾಡಿದರು. ದೇವರಾಜು ಬೇಕಂತಲೇ ಇನ್ನೆರಡು ಸಲ ಸೀನಿದ, ಕತ್ತೆ.

ಅಣ್ಣನ ಹಟಕ್ಕೆ ಈ ಕಲಿಕೆ. ನಮ್ಮ ಮೆಣಸು ಘಾಟಿ ಇಳಿದು ಮಾಹೆಗೆ ಹೋಗಿ ಹಡಗು ಹತ್ತುತ್ತದೆ. ಮಾಹೆ ಫ್ರೆಂಚರದ್ದು, ಕಾಗದ ಪತ್ರವೆಲ್ಲ ಅವರ ಭಾಷೆ. ಓದಿ ಹೇಳುವುದಕ್ಕೆ ಅಂತಲೇ ಅಣ್ಣ ಅಚ್ಯುತನ್ ಮೇಷ್ಟ್ರನ್ನು ಅಲ್ಲಿಂದ ಕರೆಸಿ ವಿರಾಜಪೇಟೆಯಲ್ಲಿ ಇಟ್ಟುಕೊಂಡಿರುವುದು. “ಅವರು ಒಂದಿನ ಜ್ವರ ಅಂತ ಮಲಗಿದ್ರೆ ನಾನು ಬಾಯ್ ಬಿಟ್ಕೊಂಡು ಕೂರ್ಬೇಕು. ಮನೇಲಿ ಒಬ್ರು ಕಲೀರಿ” ಅಂದ. ಅವನಿಗೆ ಪುರುಸೊತ್ತಿಲ್ಲ. ಅತ್ತಿಗೆ ಕೈ ಮುಗಿದುಬಿಟ್ಟರು. ಉಳಿದವಳು ನಾನು. ಹದಿನೈದಕ್ಕೆ ಮದುವೆಯಾಗಿ, ಹದಿನೇಳಕ್ಕೆ ಎಲ್ಲ ಮುಗಿಸಿಕೊಂಡು ತಿರುಗಿ ಬಂದವಳು. ಆಮೇಲೆ ಅಣ್ಣನೇ ಶಾಲೆಗೆ ಕಳಿಸಿ ಎಸ್ಸೆಸೆಲ್ಸಿ ಮಾಡಿಸಿದ. ಓದಿದ್ದು ಏತಕ್ಕೂ ಉಪಯೋಗಕ್ಕೆ ಬಂದಿರಲಿಲ್ಲ, ಈಗ ಬಂತು ನೋಡು.

೧೨ ಜನವರಿ, ಮಂಗಳವಾರ

ಅವರ ಭಾಷೆಯಲ್ಲಿ ವಸ್ತುಗಳಿಗೂ ಗಂಡು ಹೆಣ್ಣು! ಮೇಜು ಹೆಣ್ಣು. ಕುರ್ಚಿಯೂ ಹೆಣ್ಣು. ಚಾಕು ಗಂಡು, ಚಮಚ ಹೆಣ್ಣು. ಅಡಿಗೆಮನೆಯಲ್ಲಿ ಹೇಳಿದೆ. ಅತ್ತಿಗೆ ಒಲೆ ಊದುತ್ತಲೇ, “ಕುಯ್ಯೋದು ಗಂಡು, ಬಡಿಸೋದು ಹೆಣ್ಣು. ಅಷ್ಟು ದೂರ ಹೋಗಿ ಕಲೀಬೇಕಾಗಿತ್ತಾ ಇದ್ನ?” ಅಂದರು. ನಕ್ಕು ನಕ್ಕು ಹೊಟ್ಟೆ ನೋವು.

ನನ್ನನ್ನು ಈಗ ಬೋಂಜೂರವ್ವ ಅಂತ ಕರೆಯುತ್ತಾರೆ. ಹೂವಿನವಳಿಗೂ ಹೇಳಿಕೊಟ್ಟಿದ್ದಾರೆ. ಬೀದಿಯಲ್ಲಿ ಮಾನ ಉಳಿಸುವ ಹಾಗೆ ಕಾಣುವುದಿಲ್ಲ.

೨೯ ಜನವರಿ, ಶುಕ್ರವಾರ

ಎಣಿಕೆ. ಎಪ್ಪತ್ತಕ್ಕೆ ‘ಅರವತ್ತು-ಹತ್ತು’ ಅನ್ನುತ್ತಾರೆ. ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’. ಅಣ್ಣ ಕೇಳಿ ಹಣೆ ಚಚ್ಚಿಕೊಂಡ. “ಹಿಂಗೆ ಎಣಿಸೋರಿಗೆ ಇಷ್ಟು ವರ್ಷ ಮೆಣಸು ತೂಗಿ ಕೊಟ್ನಲ್ಲಪ್ಪಾ ಶಿವನೇ!”

ಮೇಷ್ಟ್ರ ಬಗ್ಗೆ ಮುತ್ತಮ್ಮ ಹೇಳಿದಳು. ಮಾಹೆಯಲ್ಲಿ ಹುಟ್ಟಿದ್ದಷ್ಟೆ, ಚಿಕ್ಕವರಿದ್ದಾಗಲೇ ಪಾದ್ರಿಗಳ ಬೋರ್ಡಿಂಗು. ಅಲ್ಲಿಂದ ಸೀದಾ ಸೈಗಾನಿಗೆ, ಫ್ರೆಂಚ್ ಪಲ್ಟನ್ನಿನ ಗುಮಾಸ್ತರಾಗಿ. ಹದಿನೈದು ವರ್ಷ ಅಲ್ಲೇ. ಮದುವೆ ಆಗಿಲ್ಲ. ಅಂಗಿಗೆ ತಾವೇ ಇಸ್ತ್ರಿ ಹಾಕಿಕೊಳ್ಳುತ್ತಾರಂತೆ. ಇದೆಲ್ಲ ನಾನು ಕೇಳಿರಲಿಲ್ಲ, ಅವಳೇ ಹೇಳಿದ್ದು.

೧೯ ಫೆಬ್ರವರಿ, ಶುಕ್ರವಾರ

ಊಟದ ಮೇಜಿನ ಪಾಠ. ಮೇಷ್ಟ್ರು ಒಂದು ಬುಟ್ಟಿ ಕಿತ್ತಳೆ ತಂದಿದ್ದರು. ಒಬ್ಬೊಬ್ಬರ ಮುಂದೆ ತಟ್ಟೆ ಹಿಡಿದು, ಬೇಕೇ ಅಂತ ಫ್ರೆಂಚಿನಲ್ಲಿ ಕೇಳುವುದು, ನಾವು ಉತ್ತರ ಹೇಳುವುದು. ನನ್ನ ಸರದಿ ಬಂತು. ಬೇಡ ಅಂದೆ. ಇನ್ನೊಮ್ಮೆ ಹೇಳಲಿ, ತೆಗೆದುಕೊಂಡರಾಯಿತು ಅಂತ ಕೈಯನ್ನು ಆಗಲೇ ಸೆರಗಿನಿಂದ ಹೊರಗೆ ತೆಗೆದಿದ್ದೆ. ತಟ್ಟೆ ಮುಂದಕ್ಕೆ ಹೋಗಿಬಿಟ್ಟಿತು! ದೇವರಾಜು ಎರಡು ತಿಂದ. ನಾನು ಸಿಪ್ಪೆ ನೋಡುತ್ತ ಕೂತೆ.

ಮುತ್ತಮ್ಮ ಮೊದಲೇ ಬಲ್ಲವಳು, ಬಾಯಿ ಮುಚ್ಚಿಕೊಂಡು ನಕ್ಕಳು. ಮೇಷ್ಟ್ರಿಗೆ ಏನಾಯಿತೆಂದೇ ಗೊತ್ತಾಗಲಿಲ್ಲ. ಆಮೇಲೆ ತಿಳಿದು, “ಕ್ಷಮಿಸಬೇಕು. ಬೇಡ ಎಂದವರಿಗೆ ಪುನಃ ಕೇಳಿದರೆ ಅವರ ಮಾತಿಗೆ ಬೆಲೆ ಕೊಡದ ಹಾಗೆ. ನನಗೆ ಹಾಗೇ ಅಭ್ಯಾಸ” ಅಂದರು. ಕಿವಿ ಕೆಂಪಾಗಿತ್ತು.

ಅತ್ತಿಗೆಗೆ ಹೇಳಿದರೆ, “ನಮ್ಮ ಕಡೆ ಹಂಗೆ ಮಾಡಿದ್ರೆ ನೆಂಟ್ರೆಲ್ಲ ಉಪವಾಸ ಸಾಯ್ತಾರೆ ಕಣೆ” ಅಂದರು. ನಿಜ. ಬೇಡ ಬೇಡ ಅನ್ನುತ್ತ ಎಲೆಗೆ ಕೈ ಅಡ್ಡ ಹಿಡಿಯುವುದು, ಬಡಿಸುವವರು ಆ ಕೈ ಸರಿಸಿ ಹೋಳಿಗೆ ಹಾಕುವುದು. ಅಷ್ಟಾದರೇನೇ ಊಟ.

೧೬ ಮಾರ್ಚ್, ಮಂಗಳವಾರ

ನಮ್ಮ ನಮ್ಮ ಬಗ್ಗೆ ಹೇಳುವ ಪಾಠ. ಹೆಸರು, ಊರು, ವಯಸ್ಸು, ಮದುವೆ. ‘ಜ್ಯು ಸ್ವಿ ವವ್’ — ನಾನು ವಿಧವೆ. ಈ ಮಾತು ಹೇಳಿದಾಗಲೆಲ್ಲ ಎದುರಿನವರು ‘ಅಯ್ಯೋ ಪಾಪ’ ಅನ್ನುತ್ತಾರೆ. ಹನ್ನೊಂದು ವರ್ಷದಿಂದ ಕೇಳಿ ಕೇಳಿ ಸಾಕಾಗಿದೆ. ಮೇಷ್ಟ್ರು ಅನ್ನಲಿಲ್ಲ. ತುಟಿ ಹೇಗೆ ಮುಂದೆ ತರಬೇಕು ಅಂತ ತೋರಿಸಿ ಇನ್ನೊಮ್ಮೆ ಹೇಳಿಸಿದರು. ಸರಿಯಾಯಿತು. ಮುಂದಿನ ಪ್ರಶ್ನೆ: ‘ಕೆಸ್ಕ ವೂಜೇಮೆ?’ ನಿಮಗೆ ಏನು ಇಷ್ಟ?

ತಡವರಿಸಿದೆ. ಫ್ರೆಂಚ್ ಬರದೆ ಅಲ್ಲ. ಕನ್ನಡದಲ್ಲೂ ಉತ್ತರ ಇರಲಿಲ್ಲ. ಯಾರೂ ಕೇಳಿಯೇ ಇಲ್ಲವಲ್ಲ. ಅವರು ಕಾದರು. ದೇವರಾಜು ಕೆಮ್ಮಿದ, ಆಗಲೂ ಕಾದರು. ಕೊನೆಗೆ ಕಾಫಿ ಹೂವು ಅಂದೆ. ಅರಳಿದ ದಿನ ಬೆಳಿಗ್ಗೆ ಬರುವ ವಾಸನೆ. ಅದನ್ನು ಹೇಳುವುದು ಹೇಗೆ ಅಂತ ಕಲಿಸಿದರು. ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಸುಳ್ಳು ಯಾಕೆ, ಮನಸ್ಸು ಹೂವಿನಷ್ಟು ಹಗುರ ಇತ್ತು.

೨೩ ಏಪ್ರಿಲ್, ಶುಕ್ರವಾರ

ಮಾಹೆಯಲ್ಲಿ ಗಲಾಟೆ. ಫ್ರೆಂಚರು ಬಿಟ್ಟು ಹೋಗಬೇಕು ಅಂತ ಮೆರವಣಿಗೆ. ಗಡಿಯಲ್ಲಿ ಪರ್ಮಿಟ್ ಕೇಳುತ್ತಾರೆ, ಮೂಟೆಗಳು ಉಗ್ರಾಣದಲ್ಲೇ. ಅಣ್ಣನ ಮುಖ ನೋಡುವ ಹಾಗಿಲ್ಲ. ಕಾಗದ ಪತ್ರದ ಕೆಲಸ ಕಡಿಮೆ, ಹಾಗಾಗಿ ಕ್ಲಾಸು ಮಾತ್ರ ಚೆನ್ನಾಗಿ ನಡೆಯುತ್ತಿದೆ. ಇದನ್ನು ಬರೆಯುವಾಗ ನಾಚಿಕೆ ಆಗುತ್ತದೆ.

ಬೆಳಿಗ್ಗೆ ಏಳುವಾಗಲೇ ಇವತ್ತು ಯಾವ ವಾರ ಅಂತ ನೋಡುವುದು ಯಾವಾಗ ಶುರುವಾಯಿತೋ.

೨೦ ಜುಲೈ, ಮಂಗಳವಾರ

ಎಷ್ಟೋ ದಿನ ಬರೆಯಲಿಲ್ಲ. ಬರೆಯುವಂಥದ್ದೆಲ್ಲ ಬರೆಯಬಾರದ್ದು.

ಶುಕ್ರವಾರ ಮಾಹೆಯಿಂದ ಫ್ರೆಂಚರು ಹೊರಟು ಹೋದರು. ಪೇಟೆಯಲ್ಲಿ ಮಿಠಾಯಿ ಹಂಚಿದರು, ಅಣ್ಣನೂ ಹಂಚಿದ. ಒಳ್ಳೆಯದೇ. ಇನ್ನು ಅವರ ಭಾಷೆಯ ಕಾಗದ ಯಾರಿಗೂ ಬೇಡ. ಕ್ಲಾಸಿನಲ್ಲಿ ಮೇಷ್ಟ್ರು ಹೇಳಿದರು — ಹಳೆಯ ಸಾಹೇಬರೊಬ್ಬರು ಫ್ರಾನ್ಸಿನ ಮಾರ್ಸೇಯಲ್ಲಿ ಕೆಲಸ ಕೊಡಿಸಿದ್ದಾರೆ. ಆಗಸ್ಟಿನಲ್ಲಿ ಕೊಲಂಬೋದಿಂದ ಹಡಗು. ದೇವರಾಜು ಹಡಗಿನ ಬಗ್ಗೆ ನೂರು ಪ್ರಶ್ನೆ ಕೇಳಿದ. ನಾನು ಚಾಪೆ ಸುತ್ತಿದೆ.

೨೩ ಜುಲೈ, ಶುಕ್ರವಾರ, ಸಂಜೆ ಆರೂವರೆ

ಬರೆದುಬಿಡುತ್ತೇನೆ.

ಮುತ್ತಮ್ಮ, ದೇವರಾಜು ಇಳಿದು ಹೋಗಿದ್ದರು. ನಾನು ಚಾಪೆ ಸುತ್ತುತ್ತಿದ್ದೆ. ಮೇಷ್ಟ್ರು ಎದ್ದು ನಿಂತರು, ಪಲ್ಟನ್ನಿನವರ ಹಾಗೆ ನೆಟ್ಟಗೆ. ನಿಧಾನವಾಗಿ, ಫ್ರೆಂಚಿನಲ್ಲೇ ಕೇಳಿದರು. ನನ್ನ ಜೊತೆ ಬರುವಿರಾ, ನನ್ನ ಹೆಂಡತಿಯಾಗಿ. ನಾವು ಕಲಿತ ಮಾತುಗಳೇ ಎಲ್ಲ. ತಿಳಿಯದ ಒಂದು ಶಬ್ದ ಇರಲಿಲ್ಲ. ನನಗೆ ತಿಳಿಯಲಿ ಅಂತಲೇ ಹಾಗೆ ಆರಿಸಿ ಇಟ್ಟುಕೊಂಡಿರಬೇಕು.

ತಲೆ ತಗ್ಗಿಸಿ ‘ನೋಂ’ ಅಂದೆ, ಇಲ್ಲ ಅಂತ. ಮತ್ತೇನು ಅನ್ನಲಿ? ಕೇಳಿದ ತಕ್ಷಣ ಹೂಂ ಅಂದರೆ, ಇವಳು ಇದಕ್ಕೇ ಕಾದು ಕೂತಿದ್ದಳು ಅನ್ನುವುದಿಲ್ಲವೇ? ನಾವು ಹೋಳಿಗೆಗೇ ಹಾಗೆ ಹೂಂ ಅನ್ನುವವರಲ್ಲ. ಅವರು ಸ್ವಲ್ಪ ಬಾಗಿ ನಮಸ್ಕಾರ ಮಾಡಿದರು, ಕೊಡೆ ತೆಗೆದುಕೊಂಡು ಇಳಿದು ಹೋದರು.

ಮಂಗಳವಾರ ಇನ್ನೊಮ್ಮೆ ಕೇಳುತ್ತಾರೆ. ಆಗಲೇ ಒಪ್ಪಿಬಿಡುತ್ತೇನೆ, ಮೂರನೇ ಸಲಕ್ಕೆ ಕಾಯುವುದಿಲ್ಲ. ಅಣ್ಣ ಏನನ್ನುತ್ತಾನೋ. ಜಾತಿ ಬೇರೆ, ಊರು ಬೇರೆ, ಸಮುದ್ರ ಬೇರೆ. ಕೂಗಾಡಲಿ, ಕಾಲು ಹಿಡಿದುಕೊಳ್ಳುತ್ತೇನೆ. ಶಿವನೇ, ಇಷ್ಟು ಸಂತೋಷ ನನಗೆ ಅಭ್ಯಾಸವಿಲ್ಲ.

೨೭ ಜುಲೈ, ಮಂಗಳವಾರ

ಕೇಳಲಿಲ್ಲ. ಇನ್ನಿಬ್ಬರು ಇದ್ದರಲ್ಲ, ಅದಕ್ಕೆ. ಚಾಪೆ ಸುತ್ತುವುದನ್ನು ತುಂಬಾ ಹೊತ್ತು ಮಾಡಿದೆ. ಮೇಷ್ಟ್ರು ಎಲ್ಲರಿಗಿಂತ ಮೊದಲು ಇಳಿದು ಹೋದರು.

೩೦ ಜುಲೈ, ಶುಕ್ರವಾರ

ನೀಲಿ ಸೀರೆ ಉಟ್ಟು ಹೋದೆ. ಅತ್ತಿಗೆ, “ಏನವ್ವ, ಉಗ್ರಾಣದಲ್ಲಿ ಹಬ್ಬವಾ?” ಅಂದರು. ಮೇಷ್ಟ್ರು ಎಂದಿನ ಹಾಗೆ ಮರ್ಯಾದೆಯಿಂದ ಮಾತಾಡಿಸಿದರು. ಮರ್ಯಾದೆಯೇ ಎಲ್ಲ. ನನ್ನ ಉಚ್ಚಾರ ತಿದ್ದುವಾಗ ಕಣ್ಣು ಮಾತ್ರ ಪುಸ್ತಕದಲ್ಲಿ. ಕೋಪ ಬಂತು. ಬೇಕಾಗಿದ್ದರೆ ಇನ್ನೊಂದು ಮಾತು ಕೇಳುವುದಕ್ಕೆ ಏನು ದಾಡಿ? ಒಂದೇ ಸಲಕ್ಕೆ ಬಿಟ್ಟರು ಅಂದರೆ ಅದು ಎಷ್ಟರ ಆಸೆ?

೨ ಆಗಸ್ಟ್, ಸೋಮವಾರ, ಮಧ್ಯಾಹ್ನ

ಮುತ್ತಮ್ಮನ ಮನೆಗೆ ಹೋಗಿದ್ದೆ. ಯಾರದೋ ಕಥೆ ಅನ್ನುವ ಹಾಗೆ ಕೇಳಿದೆ — ನಿನ್ನ ಕಾನ್ವೆಂಟಿನ ಸಿಸ್ಟರುಗಳ ಊರಿನಲ್ಲಿ ಹೆಣ್ಣು ಕೇಳುವುದು ಹೇಗೆ?

“ಗಂಡೇ ಬಂದು ಕೇಳೋದು ರುದ್ರಕ್ಕ. ಅವಳು ಇಲ್ಲ ಅಂದ್ರೆ ಮುಗೀತು.”

“ಮತ್ತೆ ಕೇಳಲ್ವಾ?”

“ಅಯ್ಯೋ, ಮರ್ಯಾದಸ್ಥ ಕೇಳ್ತಾನಾ? ಹಿಂದೆ ಬಿದ್ದು ಪೀಡಿಸಿದ ಹಾಗಾಗ್ತದಲ್ಲ.”

ಅವಳು ಕೊಟ್ಟ ಕಾಫಿ ಹಾಗೇ ಬಿಟ್ಟು ಎದ್ದು ಬಂದೆ. ಕಿತ್ತಳೆ ತಟ್ಟೆಯ ದಿನ ಅವರೇ ಬಾಯಿಬಿಟ್ಟು ಹೇಳಿದ್ದರು. ತಿನ್ನುವ ಪದಾರ್ಥಕ್ಕೆ ಮಾತ್ರ ಅಂದುಕೊಂಡಿದ್ದೆ. ಏಳು ತಿಂಗಳು ಅವರ ಭಾಷೆ ಕಲಿತು ಏನು ಕಲಿತೆ ನಾನು, ಮಣ್ಣು?

ನಾಳೆ ಕೊನೆಯ ಕ್ಲಾಸು. ಹೇಳಿಬಿಡಬೇಕು. ‘ವಿ’ ಅಂದರೆ ಹೌದು. ಒಂದೇ ಅಕ್ಷರ.

೩ ಆಗಸ್ಟ್, ಮಂಗಳವಾರ

ಆಗಲಿಲ್ಲ.

ದೇವರಾಜು ಹಾರ ತಂದಿದ್ದ. ಭಾಷಣ ಬೇರೆ ಮಾಡಿದ, ಅರ್ಧ ಫ್ರೆಂಚು ಅರ್ಧ ಕನ್ನಡ. ಮುತ್ತಮ್ಮ ಅತ್ತಳು. ಎಲ್ಲರೂ ಹೋಗಲಿ ಅಂತ ಕಾದೆ. ದೇವರಾಜು ಹೋಗಬೇಕಲ್ಲ! ಹಡಗಿನಲ್ಲಿ ಕಾಂಪೌಂಡರಿಗೆ ಕೆಲಸ ಸಿಕ್ಕೀತೇ, ಸಂಬಳ ಎಷ್ಟು, ಊಟ ಯಾರದ್ದು. ಮಾತಾಡುತ್ತಲೇ ಮೇಷ್ಟ್ರ ಟ್ರಂಕು ಕಟ್ಟಿಕೊಡುತ್ತೇನೆ ಅಂತ ಅವರ ಜೊತೆಗೇ ಇಳಿದ. ನಾನು ಕಿಟಕಿಯಲ್ಲಿ ನಿಂತಿದ್ದೆ. ‘ಮೇಷ್ಟ್ರೇ’ ಅಂತ ಒಂದು ಕೂಗು ಹಾಕಿದ್ದರೆ ತಿರುಗುತ್ತಿದ್ದರು. ಕೆಳಗೆ ಮೂಟೆ ಹೊಲಿಯುವವರು ಇದ್ದರು. ಅಣ್ಣನೂ ಇದ್ದ. ಸಿದ್ದಬಸಪ್ಪನ ತಂಗಿ ಗಂಡಸನ್ನು ಕೂಗಿ ಕರೆದಳು ಅನ್ನುತ್ತಾರೆ ಅಂತ ನುಂಗಿಕೊಂಡೆ. ಅಂದಿದ್ದರೆ ಏನಾಗುತ್ತಿತ್ತು ಅಂತ ಈಗ ಯೋಚಿಸುತ್ತಿದ್ದೇನೆ. ಏನೂ ಆಗುತ್ತಿರಲಿಲ್ಲ.

೫ ಆಗಸ್ಟ್, ಗುರುವಾರ, ಬೆಳಿಗ್ಗೆ ಒಂಬತ್ತು

ಬಸ್ಸು ಹೋಯಿತು.

ಎಲ್ಲರೂ ಬಸ್‌ಸ್ಟ್ಯಾಂಡಿಗೆ ಹೋಗಿದ್ದೆವು. ಅತ್ತಿಗೆ ಬುತ್ತಿ ಕಟ್ಟಿದ್ದರು, ರೊಟ್ಟಿ, ಚಟ್ನಿಪುಡಿ, ಒಂದು ಡಬ್ಬಿ ತುಂಬ ಹುರಿಗಡಲೆ ಉಂಡೆ. ಮೇಷ್ಟ್ರು ರೊಟ್ಟಿ ತೆಗೆದುಕೊಂಡು, ಡಬ್ಬಿ ಬೇಡ ಅಂದರು. ಅತ್ತಿಗೆ ಬಿಡುತ್ತಾರೆಯೇ. “ತಗಳ್ರೀ ಅಂದ್ರೆ! ನಾಚ್ಕೋಬ್ಯಾಡಿ!” ಮತ್ತೆ ಬೇಡ ಅಂದರು. ಕೈ ಸರಿಸಿ ಚೀಲದೊಳಗೆ ತುರುಕಿಯೇ ತುರುಕಿದರು. ಮೇಷ್ಟ್ರು ನಕ್ಕುಬಿಟ್ಟರು. ಅವರು ಹಾಗೆ ನಕ್ಕಿದ್ದನ್ನು ಅದೇ ಮೊದಲು ನೋಡಿದ್ದು. ಅತ್ತಿಗೆಗೆ ಇರುವ ಧೈರ್ಯ ನನಗಿಲ್ಲ.

ಕೊನೆಗೆ ನನ್ನ ಕಡೆ ತಿರುಗಿದರು. ನೀವು ಚೆನ್ನಾಗಿ ಕಲಿತಿರಿ ಮದಾಮ್ ಅಂದರು, ‘ಓ ರವ್ವಾರ್’ — ಮತ್ತೆ ಸಿಗೋಣ — ಅಂದರು. ಬಾಯಿ ತೆರೆದೆ. ಹೇಳಬೇಕಾಗಿದ್ದು ನಾಲಿಗೆಯ ಮೇಲೇ ಇತ್ತು. ಕಂಡಕ್ಟರ್ ಸೀಟಿ ಊದಿದ. ‘ಓ ರವ್ವಾರ್’ ಅಂತಲೇ ಬಂತು. ತುಂಬ ಸರಿಯಾಗಿ ಅಂದಿರಬೇಕು, ಕ್ಲಾಸಿನಲ್ಲಿ ಮಾಡುವ ಹಾಗೆ ತಲೆ ಆಡಿಸಿ ‘ತ್ರೆ ಬಿಯೇಂ’, ಬಹಳ ಚೆನ್ನಾಗಿದೆ, ಅಂದರು.

ಮನೆಗೆ ಬಂದು ಬಚ್ಚಲಲ್ಲಿ ನೀರು ಸುರಿಯುತ್ತ ಅತ್ತೆ.

೨೨ ಆಗಸ್ಟ್, ಭಾನುವಾರ

ಇವತ್ತು ಊಟಕ್ಕೆ ಕೂತಾಗ ಅತ್ತಿಗೆ ಹಿಡಿದು ಕೂರಿಸಿಕೊಂಡರು. “ಹದಿನೈದು ದಿನದಿಂದ ಉಣ್ಣಲ್ಲ, ಮಾತಾಡಲ್ಲ. ಪೂಜೆಗೆ ಕೂತ್ರೆ ಏಳಲ್ಲ. ಏನಾಯ್ತು ಹೇಳು, ಇಲ್ಲಾಂದ್ರೆ ನಾನೂ ಉಣ್ಣಲ್ಲ.” ಹೇಳಿಬಿಟ್ಟೆ. ಎಲ್ಲ.

“ಅಯ್ಯೋ ನಿನ್ನ ಬಾಯಿಗೆ! ಮೂರ್ ಸಲ ಹೇಳಿಸ್ಕೊಳ್ಳಕ್ಕೆ ಅವರೇನು ನಮ್ಮ ಕೇರಿಯೋರೇನೇ?” ಅಂತ ನನ್ನ ತಲೆಗೆ ಒಂದು ಕುಟ್ಟಿ, ಅದೇ ತಲೆಯನ್ನು ಎದೆಗೆ ಒತ್ತಿಕೊಂಡು ಅತ್ತರು. ಆ ಹೊತ್ತಿಗೇ ಅಣ್ಣ ಕೈ ತೊಳೆದು ಒಳಗೆ ಬಂದ. ಕೇಳಿಸಿಕೊಂಡಿದ್ದ. ಕೂಗಾಡುತ್ತಾನೆ ಅಂದುಕೊಂಡೆ. ಮಣೆಯ ಮೇಲೆ ಕುಸಿದು ಕೂತ.

“ನನ್ನ ಮೊದಲೇ ಕೇಳಿದ್ರು ಅವರು” ಅಂದ. “ಲಿಂಗಧಾರಣೆ ಆಗಬೇಕು ಅಂದ್ರೆ ಆಗ್ತೀನಿ, ಮಠಕ್ಕೂ ಹೋಗಿ ಸ್ವಾಮಿಗಳನ್ನ ವಿಚಾರಿಸ್ಕೊಂಡು ಬಂದಿದೀನಿ ಅಂದ್ರು. ನಾನೇ ಹೇಳ್ದೆ, ಒಂದ್ಸಲ ಅವಳನ್ನ ಕೇಳದೇ ಮದುವೆ ಮಾಡಿ ಕೈ ಸುಟ್ಕೊಂಡಿದೀವಿ. ನೀವೇ ಕೇಳಿ, ಅವಳ ಮಾತೇ ನಂದು ಅಂತ.”

“ಆಮೇಲೆ?”

“ಬೇಡ ಅಂದ್ರು ಅಂತ ಬಂದು ಹೇಳಿದ್ರು. ಮತ್ತೆ ಅವರಿಗೆ ತೊಂದರೆ ಕೊಡಬಾರದು, ಈ ಮಾತು ಎತ್ತಲೂಬಾರದು ಅಂತ ನನ್ನ ಕೈಲಿ ಭಾಷೆ ತಗೊಂಡ್ರು. ನೀನು ನೊಂದ್ಕೋತೀಯ ಅಂತ ನಾನೂ ಸುಮ್ನಾದೆ ರುದ್ರವ್ವ.”

ಯಾರ ಕಾಲು ಹಿಡಿದುಕೊಳ್ಳಬೇಕು ಅಂತ ಹೆದರಿದ್ದೆನೋ ಅವನು ಆಗಲೇ ಒಪ್ಪಿದ್ದ. ಅಡ್ಡ ಇದ್ದವಳು ನಾನೊಬ್ಬಳೇ. ಮೂವರೂ ಉಣ್ಣಲಿಲ್ಲ. ಅನ್ನ ಹಸುವಿಗೆ ಹೋಯಿತು.

೨೮ ಆಗಸ್ಟ್, ಶನಿವಾರ

ಅಣ್ಣ ನಿನ್ನೆ ಮೊದಲನೇ ಬಸ್ಸಿಗೆ ತಲಚೇರಿ ಮೇಲೆ ಮಾಹೆಗೆ ಹೋದ. ಹಡಗು ತಪ್ಪಿರಬಹುದು, ತಡವಾಗಿರಬಹುದು, ಮನೆಯವರನ್ನು ವಿಚಾರಿಸಿ ಬರುತ್ತೇನೆ ಅಂತ. ಇವತ್ತು ಸಂಜೆ ಬಂದ. ಕೊಡೆ ಮಡಿಸದೆ ಜಗಲಿಯಲ್ಲೇ ನಿಂತ. ಆಗಲೇ ಗೊತ್ತಾಯಿತು.

ಅವರ ಅಕ್ಕ ಇದ್ದಾರಂತೆ. ತಮ್ಮ ಅಷ್ಟು ದೂರ ಒಂಟಿಯಾಗಿ ಹೋಗುವುದು ಬೇಡ ಅಂತ, ಹಡಗಿಗೆ ಹೊರಡುವ ಮುಂಚೆ ಸೋದರಮಾವನ ಮಗಳನ್ನು ತಂದು ಮದುವೆ ಮುಗಿಸಿದರಂತೆ. ಇಬ್ಬರೂ ಒಟ್ಟಿಗೇ ಹೋದರು. ಆ ಹುಡುಗಿಗೆ ಒಂದಕ್ಷರ ಫ್ರೆಂಚ್ ಬರುವುದಿಲ್ಲ. ಮೇಷ್ಟ್ರು ಅವಳನ್ನೂ ಎದುರು ಕೂರಿಸಿಕೊಂಡು, ನಿನಗೆ ಇಷ್ಟ ಇದೆಯೇ ಅಂತ ಕೇಳಿದರಂತೆ. ಕೇಳಿದ ತಕ್ಷಣ ಹೂಂ ಅಂದಳಂತೆ.

“ಅವರ ಅಕ್ಕ ನಗ್ತಾ ಹೇಳಿದ್ರು” ಅಂದ ಅಣ್ಣ. ಅವನ ಕಾಲೆಲ್ಲ ಕೆಸರು. ಬಿಸಿನೀರು ಕಾಯಿಸಿ ಕೊಟ್ಟೆ.

೧೪ ಸೆಪ್ಟೆಂಬರ್, ಮಂಗಳವಾರ

ಸಂಜೆ ಐದು ಗಂಟೆಗೆ, ಕ್ಲಾಸಿನ ಹೊತ್ತಿಗೆ, ಕಾಲು ತಾನೇ ಉಗ್ರಾಣದ ಕಡೆ ಹೋಯಿತು. ಮೇಲೆ ಈಗ ಖಾಲಿ ಗೋಣಿಚೀಲ ತುಂಬಿದ್ದಾರೆ. ಅಲ್ಲೇ ಸ್ವಲ್ಪ ಹೊತ್ತು ಕೂತೆ. ಆ ಹುಡುಗಿಗೆ ಅಲ್ಲಿ ಚಳಿ ಆಗುತ್ತಿರಬಹುದು. ಅವಳ ಮೇಲೆ ಹೊಟ್ಟೆಕಿಚ್ಚು ಪಟ್ಟು ನೋಡಿದೆ. ಬರಲಿಲ್ಲ. ಅವಳು ಮಾಡಿದ್ದು ಸರಿ.

ಇದನ್ನು ಯಾರ ಮೇಲೂ ಹಾಕಲು ಬರುವುದಿಲ್ಲ. ಬೈಯೋಣ ಅಂದರೆ ಒಬ್ಬರೂ ಸಿಗುವುದಿಲ್ಲ.

೧೭ ಅಕ್ಟೋಬರ್, ಭಾನುವಾರ, ಮಧ್ಯಾಹ್ನ ಮೂರು

ಶನಿವಾರಸಂತೆ ಊರಿನಿಂದ ನನ್ನನ್ನು ನೋಡಲು ಬಂದಿದ್ದಾರೆ. ಇನ್ನೂ ನಡುಮನೆಯಲ್ಲೇ ಕೂತಿದ್ದಾರೆ, ನಾನು ಒಳಗೆ ಬಂದು ಬರೆಯುತ್ತಿದ್ದೇನೆ. ಕರಿಬಸಪ್ಪ ಅಂತ, ಏಲಕ್ಕಿ ವ್ಯಾಪಾರ, ಹೆಂಡತಿ ತೀರಿಕೊಂಡು ಎರಡು ವರ್ಷ. ಅವರ ಅಕ್ಕ ರುದ್ರಮ್ಮ ಜೊತೆಗಿದ್ದಾರೆ. ನನ್ನದೇ ಹೆಸರು, ಅದಕ್ಕೆ ಎಲ್ಲರಿಗೂ ನಗು. ಕೆಟ್ಟ ಜನ ಅಲ್ಲ. ಅವರನ್ನು ಕರೆಸಿದ್ದು ಅಣ್ಣ. ಆಗಸ್ಟಿನಿಂದ ಅವನಿಗೆ ನಿದ್ದೆ ಇಲ್ಲ. ನನ್ನದೊಂದು ದಡ ಮುಟ್ಟಿಸಿದರೆ ತನ್ನ ತಪ್ಪು ತೀರುತ್ತದೆ ಅಂದುಕೊಂಡಿದ್ದಾನೆ. ಅವನದು ಯಾವ ತಪ್ಪು?

ಎಲ್ಲರ ಎದುರು ಕೇಳಿದರು. ಬೇಡ ಅಂದೆ.

ಆ ಅಕ್ಕ ನಕ್ಕರು. “ಹೆಣ್ಮಕ್ಳು ಅಂದ್ಮೇಲೆ ಮೊದ್ಲು ಬ್ಯಾಡ ಅನ್ನಲೇಬೇಕಲ್ಲವ್ವ.”

ಇನ್ನೊಮ್ಮೆ ಅಂದೆ. ತಲೆ ಎತ್ತಿ, ಕರಿಬಸಪ್ಪನವರ ಮುಖ ನೋಡಿಯೇ ಅಂದೆ. ಅವರೂ ನಾಚಿಕೊಂಡು ನಕ್ಕರು. ಅತ್ತಿಗೆ ಮಾತ್ರ ನನ್ನನ್ನೇ ನೋಡುತ್ತಿದ್ದರು. ಅಣ್ಣ ಎದ್ದು ಬಂದು ನನ್ನ ತಲೆಯ ಮೇಲೆ ಕೈ ಇಟ್ಟ. ಅವನ ಕಣ್ಣಲ್ಲಿ ನೀರು.

“ಅವಳ ಬೇಡಕ್ಕೆ ಒಂದ್ಸಲ ಕಿವಿ ಕೊಟ್ಟು ಕೆಟ್ಟಿದೀವಿ” ಅಂದ ಅವರಿಗೆ. “ಈ ಸಲ ಕೊಡಲ್ಲ. ಎಲೆ ಅಡಿಕೆ ತಗೊಳ್ಳಿ.”

ಮೂರನೇ ಸಲವೂ ಅಂದೆ. ಆ ಅಕ್ಕ ಅಷ್ಟರಲ್ಲಿ ನನ್ನ ಮಡಿಲಿಗೆ ತೆಂಗಿನಕಾಯಿ ಇಟ್ಟಾಗಿತ್ತು. ಈಗ ನಡುಮನೆಯಲ್ಲಿ ದಿನ ನೋಡುತ್ತಿದ್ದಾರೆ. ಅತ್ತಿಗೆ ಬಾಗಿಲ ಹೊರಗೆ ನಿಂತಿದ್ದಾರೆ, ಒಳಗೆ ಬರುತ್ತಿಲ್ಲ, ಹೋಗುತ್ತಲೂ ಇಲ್ಲ. ಬಂದವರು ಹೊರಡುವ ಮೊದಲು ಅಣ್ಣನನ್ನು ಒಳಗೆ ಕರೆದು ಹೇಳಬೇಕು. ಅಣ್ಣಾ, ಇದು ಉಪಚಾರದ ಬೇಡ ಅಲ್ಲ, ನಾನು ನಿಜವಾಗಿ—